ಕಬ್ಬಿಣಾಂಶದ ಅತಿಸಂಚಯವಿರುವವರಲ್ಲಿ ಮಧುಮೇಹದ ಔಷಧಿಗಳು: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಚಿಕಿತ್ಸಾಕ್ರಮದ ಹಿನ್ನೆಲೆಯಲ್ಲಿ ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಈ ಟಿಪ್ಪಣಿಯ ಪ್ರಶ್ನೆ ಸೀಮಿತವಾದದ್ದು. ದೇಹದಲ್ಲಿ ಕಬ್ಬಿಣಾಂಶ ಅತಿಯಾಗಿ ಸಂಚಯಗೊಂಡಿರುವ ವ್ಯಕ್ತಿಗೆ ಮಧುಮೇಹವೂ ಬಂದಾಗ, ಉಳಿದ ಮಧುಮೇಹಿಗಳಿಗೆ ಕೊಡುವ ಔಷಧಿಗಳನ್ನೇ ಅದೇ ಕ್ರಮದಲ್ಲಿ ಕೊಡಬಹುದೇ? ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಸಾರ್ವಜನಿಕ ಆರೋಗ್ಯ ವ್ಯವಸ್ಥೆಗೆ ಅನ್ವಯಿಸುವ ರಾಷ್ಟ್ರೀಯ ಕ್ರಮವನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ. ಇದು ಈ ತಾಲ್ಲೂಕುಗಳ ರೋಗಿಗಳ ಗಣತಿಯಲ್ಲ. ಪ್ರಕಟಿತ ಅಧ್ಯಯನಗಳು, ಔಷಧಿಗಳ ಅಧಿಕೃತ ಮಾಹಿತಿಪತ್ರಗಳು ಮತ್ತು ಕಾರ್ಯಕ್ರಮಗಳ ನಿಯಮಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ಎಲ್ಲೆಲ್ಲಿ ಹೊಂದಿಕೆ ತಪ್ಪುತ್ತದೆ ಎಂಬುದನ್ನು ಗುರುತಿಸುವುದಷ್ಟೇ ಉದ್ದೇಶ.

ಕಬ್ಬಿಣವನ್ನು ಬಂಧಿಸಿ ಹೊರಹಾಕುವ ಔಷಧಿಗಳನ್ನು ಮುಂದೆ ಕೀಲೇಟರ್ ಎಂದು ಕರೆಯಲಾಗಿದೆ. ಎಚ್‌ಬಿಎ1ಸಿ ಎಂದರೆ ರೋಗಿಗಳು ‘ಮೂರು ತಿಂಗಳ ಸರಾಸರಿ’ ಎನ್ನುವ ಪರೀಕ್ಷೆ. ಪ್ರಮಾಣ ನಿಗದಿಗೆ ಈ ಟಿಪ್ಪಣಿಯನ್ನು ಬಳಸಬಾರದು; ಇಲ್ಲಿಯ ಸಂಖ್ಯೆಗಳು ವೈದ್ಯರ ನಿರ್ಧಾರಕ್ಕೆ ಹಿನ್ನೆಲೆ ಒದಗಿಸುವಂಥವು.

2. ಆಕರಗಳ ಮಿತಿ

2.1 ಭೌಗೋಳಿಕ ಘಟಕ. ಮೂಡಲಗಿ ತಾಲ್ಲೂಕು ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟದ್ದು 2011ರ ಜನಗಣತಿಯ ನಂತರ. ಆದ್ದರಿಂದ ಆ ಗಣತಿಯ ತಾಲ್ಲೂಕುವಾರು ಕೋಷ್ಟಕಗಳಲ್ಲಿ ಮೂಡಲಗಿಯ ಜನಸಂಖ್ಯೆ ಗೋಕಾಕದ ಲೆಕ್ಕದಲ್ಲೇ ಸೇರಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂದಾಜುಗಳು ಜಿಲ್ಲಾ ಮಟ್ಟಕ್ಕೆ ನಿಲ್ಲುತ್ತವೆ. ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಬೆಳಗಾವಿ ಎಂದಾದರೂ ಹಲವು ದತ್ತಾಂಶ ಕಡತಗಳಲ್ಲಿ ಬೆಳಗಾಂ ಎಂಬ ಹಳೆಯ ಹೆಸರೇ ಇದೆ. ಮೂರು ತಾಲ್ಲೂಕುಗಳನ್ನು ಪರಸ್ಪರ ಹೋಲಿಸಿ ಮಧುಮೇಹದ ಪ್ರಮಾಣ ಹೇಳುವ ಯಾವ ವಾಕ್ಯವನ್ನೂ ಈ ಕಾರಣದಿಂದ ಇಲ್ಲಿ ಬರೆದಿಲ್ಲ.

2.2 ವಯೋಮಿತಿ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಅದರಡಿ ನಡೆಯುವ ಜನಸಮುದಾಯ ತಪಾಸಣೆಗೆ, ಅಂದರೆ ಆಶಾ ಕಾರ್ಯಕರ್ತೆ ನಮೂನೆ ತುಂಬಿ ಮುಂದೆ ಕಳಿಸುವ ಕ್ರಮಕ್ಕೆ, 30 ವರ್ಷ ಮತ್ತು ಮೇಲ್ಪಟ್ಟವರು ಒಳಪಡುತ್ತಾರೆ. ನಿಯಮಿತ ರಕ್ತಪೂರಣದ ಮೇಲಿದ್ದು ಅದರಿಂದ ಕಬ್ಬಿಣ ಸಂಚಯಗೊಳ್ಳುವ ಥಲಸ್ಸೀಮಿಯಾ ಮೇಜರ್ (ಆನುವಂಶಿಕ ರಕ್ತಹೀನತೆ) ರೋಗಿಗಳಲ್ಲಿ ಗ್ಲೂಕೋಸ್ ಏರುಪೇರು ಸಾಮಾನ್ಯವಾಗಿ ಎರಡನೆಯ ಮತ್ತು ಮೂರನೆಯ ದಶಕದಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ವಯೋಮಿತಿಗಳ ನಡುವಿನ ಈ ಅಂತರವೇ ಮೊದಲ ಹೊಂದಿಕೆತಪ್ಪು.

2.3 ರೋಗಪ್ರಮಾಣ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾ ವಾಹಕರ ಪ್ರಮಾಣವನ್ನು ಸಾಮಾನ್ಯವಾಗಿ ಶೇ 3ರಿಂದ 4 ಎಂದೂ, ವರ್ಷಕ್ಕೆ ಹುಟ್ಟುವ ಥಲಸ್ಸೀಮಿಯಾ ಮೇಜರ್ ಶಿಶುಗಳನ್ನು 10,000ದಿಂದ 15,000 ಎಂದೂ ಉಲ್ಲೇಖಿಸುತ್ತಾರೆ. ಸಮುದಾಯದಿಂದ ಸಮುದಾಯಕ್ಕೆ ವಾಹಕ ಪ್ರಮಾಣ ಬಹಳ ಬದಲಾಗುವುದರಿಂದ ಈ ರಾಷ್ಟ್ರೀಯ ಸರಾಸರಿಯನ್ನು ಒಂದು ತಾಲ್ಲೂಕಿನ ಜನಸಂಖ್ಯೆಯಿಂದ ಗುಣಿಸಿ ರೋಗಿಗಳ ಸಂಖ್ಯೆ ತೆಗೆಯುವುದು ಸರಿಯಾಗದು. ಸೋದರಸಂಬಂಧದ ಮದುವೆ ರೂಢಿಯಲ್ಲಿರುವ ಉತ್ತರ ಕರ್ನಾಟಕದಲ್ಲಿ ಅಪ್ರಬಲ ವಂಶವಾಹಿ ರೋಗಗಳು ಕೆಲವು ಕುಟುಂಬಗಳಲ್ಲಿ ಗುಂಪುಗೂಡುವ ಸಾಧ್ಯತೆ ಇರುವುದರಿಂದ ಸರಾಸರಿ ಇನ್ನಷ್ಟು ದಾರಿ ತಪ್ಪಿಸಬಹುದು.

3. ಎರಡು ರೋಗಗಳು, ಎರಡು ಬಗೆಯ ಪುರಾವೆ

3.1 ಕಬ್ಬಿಣ ಮತ್ತು ಮಧುಮೇಹದ ನಂಟಿನ ಹಳೆಯ ವಿವರಣೆಗಳು ಯುರೋಪಿನವು. ಪ್ಯಾರಿಸ್‌ನ ಟ್ರೂಸೋ 1865ರಲ್ಲಿ ಮಧುಮೇಹ, ಯಕೃತ್ತಿನ ಗಡಸುತನ ಮತ್ತು ಚರ್ಮದ ಕಂಚುಬಣ್ಣ ಒಟ್ಟಿಗಿದ್ದ ರೋಗಿಯನ್ನು ವರ್ಣಿಸಿದರು. ಕೆಲವು ಲೇಖಕರು ಈ ಶ್ರೇಯಸ್ಸನ್ನು 1871ರ ತ್ರ್ವಾಸಿಯೇ ವರದಿಗೆ ಕೊಡುವುದುಂಟು. ಆನೋ ಮತ್ತು ಶೋಫಾರ್ 1882ರಲ್ಲಿ ಇದೇ ಲಕ್ಷಣಕೂಟವನ್ನು ವಿಸ್ತರಿಸಿದರು. ಹೀಮೋಕ್ರೋಮಟೋಸಿಸ್ ಎಂಬ ಹೆಸರು 1889ರಲ್ಲಿ ಫಾನ್ ರೆಕ್ಲಿಂಗ್‌ಹೌಸೆನ್ ಅವರಿಂದ ಬಂತು. 1935ರಲ್ಲಿ ಶೆಲ್ಡನ್ ಅದನ್ನು ಆನುವಂಶಿಕ ರೋಗವೆಂದು ವಾದಿಸಿದರು. ಎಚ್‌ಎಫ್‌ಇ ಎಂಬ ಈ ರೋಗದ ವಂಶವಾಹಿ ಪತ್ತೆಯಾದದ್ದು 1996ರಲ್ಲಿ.

3.2 ಈ ಸಾಹಿತ್ಯದ ರೋಗಿ ಬಹುಮಟ್ಟಿಗೆ ಉತ್ತರ ಯುರೋಪ್ ಮೂಲದ ನಡುವಯಸ್ಸಿನ ವ್ಯಕ್ತಿ. ಅವರಲ್ಲಿ ಪ್ರಧಾನವಾದ ಸಿ282ವೈ ಎಂಬ ವಂಶವಾಹಿ ಬದಲಾವಣೆ ಭಾರತೀಯರಲ್ಲಿ ಅತಿ ವಿರಳ. ಎಚ್63ಡಿ ಎಂಬ ಇನ್ನೊಂದು ಬದಲಾವಣೆ ಇಲ್ಲಿ ಕಾಣುತ್ತದಾದರೂ ಅದೊಂದೇ ತೀವ್ರ ಸಂಚಯಕ್ಕೆ ಕಾರಣವಾಗುವುದು ಅಪರೂಪ. ಬೆಳಗಾವಿ ಜಿಲ್ಲೆಯಂಥ ಕಡೆ ತೀವ್ರ ಕಬ್ಬಿಣ ಸಂಚಯ ಎದುರಾದಾಗ ಮೊದಲು ಪರಿಗಣಿಸಬೇಕಾದವು ಥಲಸ್ಸೀಮಿಯಾ ಮೇಜರ್, ರಕ್ತಪೂರಣ ಅವಲಂಬಿಸದ ಥಲಸ್ಸೀಮಿಯಾ, ಮತ್ತೆಮತ್ತೆ ರಕ್ತ ಪಡೆಯುವ ಕುಡಗೋಲು ಕಣ ರೋಗ, ಅಸ್ಥಿಮಜ್ಜೆಯ ವೈಫಲ್ಯ.

3.3 ವ್ಯತ್ಯಾಸ ಬರೀ ಕಾರಣದ್ದಲ್ಲ. ಹೀಮೋಕ್ರೋಮಟೋಸಿಸ್‌ನಲ್ಲಿ ರಕ್ತ ತೆಗೆಯುವುದೇ ಚಿಕಿತ್ಸೆ. ಥಲಸ್ಸೀಮಿಯಾದ ರೋಗಿಗೆ ರಕ್ತಹೀನತೆ ಇರುವುದರಿಂದ ಆ ದಾರಿ ಸಾಮಾನ್ಯವಾಗಿ ಮುಚ್ಚಿದೆ, ಕೀಲೇಟರ್ ಬೇಕೇ ಬೇಕು. ಹಾಗಾಗಿ ಮೊದಲ ರೋಗದ ಪುರಾವೆಯಲ್ಲಿ ಮಧುಮೇಹದ ಔಷಧಿ ಮತ್ತು ಕೀಲೇಟರ್‌ಗಳ ಪರಸ್ಪರ ಕ್ರಿಯೆಯ ಪ್ರಶ್ನೆ ಬಹುತೇಕ ಬರುವುದೇ ಇಲ್ಲ. ಎರಡನೆಯ ರೋಗದಲ್ಲಿ ಅದು ದಿನನಿತ್ಯದ ಪ್ರಶ್ನೆ.

4. ಕಬ್ಬಿಣದ ಲೆಕ್ಕ ಮತ್ತು ಚೀಲದ ಗಾತ್ರ

4.1 ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ದಿನಕ್ಕೆ ಹೊರಹೋಗುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಹೆಚ್ಚಾದುದನ್ನು ಹೊರಹಾಕುವ ಸಹಜ ವ್ಯವಸ್ಥೆ ದೇಹಕ್ಕಿಲ್ಲ.

4.2 ಒಂದು ಯೂನಿಟ್ ಕೆಂಪುಕಣಗಳಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಎಂಬ ಸಂಖ್ಯೆ ಪಠ್ಯಪುಸ್ತಕಗಳಲ್ಲಿ ಪುನರಾವರ್ತನೆಯಾಗುತ್ತದೆ. ಈ ಸಂಖ್ಯೆಯ ಹಿಂದೆ ರಕ್ತ ಸಂಗ್ರಹದ ದೊಡ್ಡ ಚೀಲದ ಊಹೆ ಇದೆ. ಭಾರತದಲ್ಲಿ 350 ಮಿಲಿಲೀಟರ್ ಮತ್ತು 450 ಮಿಲಿಲೀಟರ್ ಎರಡೂ ಬಳಕೆಯಲ್ಲಿವೆ. 450 ತೆಗೆಯಲು ದಾನಿಯ ತೂಕ 55 ಕಿಲೋಗ್ರಾಂ ಮೀರಿರಬೇಕು. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣವೆಂದೂ, ದಾನಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5ರಿಂದ 15 ಗ್ರಾಂ ಎಂದೂ ಇಟ್ಟುಕೊಂಡರೆ, 350 ಮಿಲಿಲೀಟರ್ ಚೀಲದಲ್ಲಿ ಅಂದಾಜು 149ರಿಂದ 179 ಮಿಲಿಗ್ರಾಂ, 450 ಮಿಲಿಲೀಟರ್ ಚೀಲದಲ್ಲಿ 191ರಿಂದ 230 ಮಿಲಿಗ್ರಾಂ ಕಬ್ಬಿಣ ಬರುತ್ತದೆ. ಘಟಕ ಬೇರ್ಪಡಿಸುವಾಗಿನ ನಷ್ಟವನ್ನು ಇಲ್ಲಿ ಕಳೆದಿಲ್ಲ. ಆದ್ದರಿಂದ ಇವು ಮೇಲ್ಮಿತಿಯ ಅಂದಾಜುಗಳು.

4.3 ಇದರಿಂದ ಹೊರಡುವ ಸೂಚನೆ ಸರಳ: ದಾಖಲೆಯಲ್ಲಿ ‘ಎಷ್ಟು ಬಾಟಲಿ’ ಎಂದಷ್ಟೇ ಬರೆದರೆ ಸಂಚಿತ ಕಬ್ಬಿಣದ ಅಂದಾಜು ಸುಮಾರು ಶೇ 22ರಿಂದ 29ರಷ್ಟು ತಪ್ಪಬಹುದು. ಚೀಲದ ಗಾತ್ರವನ್ನೂ ಬರೆಯಬೇಕು.

4.4 ಪಡಿತರದ ಸಾರವರ್ಧಿತ ಅಕ್ಕಿ ಈ ರೋಗಿಗಳಲ್ಲಿ ಕಬ್ಬಿಣ ಹೆಚ್ಚಿಸೀತೆಂದು ಎದ್ದ ಆತಂಕವನ್ನೂ ಇದೇ ಅಳತೆಯಲ್ಲಿ ನೋಡಬಹುದು. ನಿಗದಿತ ಮಟ್ಟ ಕಿಲೋಗ್ರಾಮಿಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ. ತಿಂಗಳಿಗೆ ತಲಾ 5 ಕಿಲೋಗ್ರಾಂ ಎಂದರೆ 140ರಿಂದ 212.5 ಮಿಲಿಗ್ರಾಂ. ಹೀರಿಕೆ ಶೇ 5 ಎಂದು ಊಹಿಸಿದರೆ ದೇಹಕ್ಕೆ ಸೇರುವುದು ಸುಮಾರು 7ರಿಂದ 10.6 ಮಿಲಿಗ್ರಾಂ. ರಕ್ತಪೂರಣದ ಮೇಲಿರುವವರಲ್ಲಿ ಒಂದು ಚೀಲದ ಎದುರು ಇದು ಚಿಕ್ಕ ಭಾಗ. ರಕ್ತಪೂರಣ ಅವಲಂಬಿಸದ ಥಲಸ್ಸೀಮಿಯಾದಲ್ಲಿ ಮಾತ್ರ ಕಬ್ಬಿಣದ ಹೀರಿಕೆಯನ್ನು ತಡೆಹಿಡಿಯುವ ಹೆಪ್ಸಿಡಿನ್ ಕುಗ್ಗಿ ಕರುಳಿನ ಹೀರಿಕೆ ಹೆಚ್ಚುವುದರಿಂದ ಶೇ 5ರ ಊಹೆ ಅನ್ವಯಿಸದು. ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ; ರಕ್ತಹೀನತೆಯ ಕಾರಣ ತಿಳಿಯದೆ ಇದನ್ನು ದೀರ್ಘಕಾಲ ಮುಂದುವರಿಸುವುದು ಈ ಗುಂಪಿನಲ್ಲಿ ಹೆಚ್ಚು ಗಮನಿಸಬೇಕಾದ ವಿಷಯ.

5. ಅಳತೆಯ ದೋಷಗಳು

ಔಷಧಿಯ ಆಯ್ಕೆ ಅಳತೆಯನ್ನು ಅವಲಂಬಿಸುತ್ತದೆ. ಬಳಕೆಯಲ್ಲಿರುವ ಮೂರು ಅಳತೆಗಳೂ ಈ ರೋಗಿಗಳಲ್ಲಿ ತಪ್ಪುವ ದಿಕ್ಕು ಬೇರೆಬೇರೆ.

5.1 ಎಚ್‌ಬಿಎ1ಸಿ. ಕೆಂಪುಕಣದ ಆಯುಸ್ಸು ಸುಮಾರು 120 ದಿನ ಎಂಬ ಊಹೆಯ ಮೇಲೆ ಈ ಪರೀಕ್ಷೆ ನಿಂತಿದೆ. ರಕ್ತಪೂರಣ ಪಡೆದವರಲ್ಲಿ ಅಳೆಯಲ್ಪಡುವುದು ಬಹುಪಾಲು ದಾನಿಗಳ ಕಣಗಳು. ಫಲಿತಾಂಶ ಹೆಚ್ಚಾಗಿ ನಿಜಕ್ಕಿಂತ ಕಡಿಮೆ ಬರುತ್ತದೆ. ದಾನಿಗೆ ಮಧುಮೇಹವಿದ್ದರೆ ಅಥವಾ ಸಂಗ್ರಹ ದ್ರಾವಣದ ಗ್ಲೂಕೋಸ್‌ನಿಂದ ಹೆಚ್ಚೂ ಬರಬಹುದು ಎಂಬ ವರದಿಗಳಿವೆ. ಹಿಮೋಗ್ಲೋಬಿನ್ ಎಫ್ ಹೆಚ್ಚಿದ್ದಾಗ ಕೆಲವು ಯಂತ್ರವಿಧಾನಗಳಿಗೆ ಅಡ್ಡಿಯಾಗುತ್ತದೆ. ಹೀಮೋಕ್ರೋಮಟೋಸಿಸ್‌ನಲ್ಲಿ ರಕ್ತ ತೆಗೆದ ನಂತರ ಹೊಸ ಕಣಗಳು ಹೆಚ್ಚಾಗುವುದರಿಂದಲೂ ಸಂಖ್ಯೆ ಇಳಿಯುತ್ತದೆ. ಕೆಂಪುಕಣಗಳ ಆವರ್ತನ ಬದಲಾದ ಸ್ಥಿತಿಗಳಲ್ಲಿ, ಇತ್ತೀಚಿನ ರಕ್ತಪೂರಣವೂ ಸೇರಿ, ಪ್ಲಾಸ್ಮಾ ಗ್ಲೂಕೋಸ್ ಆಧಾರದ ಮೇಲಷ್ಟೇ ರೋಗನಿರ್ಣಯ ಮಾಡಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುತ್ತದೆ. ಖಾಲಿಹೊಟ್ಟೆಯಲ್ಲಿ ಡೆಸಿಲೀಟರಿಗೆ 126, ಗ್ಲೂಕೋಸ್ ಕುಡಿದ 2 ಗಂಟೆಗೆ 200 ಮಿಲಿಗ್ರಾಂ ಎಂಬ ಗಡಿಗಳು ಇಲ್ಲಿಯೂ ಅವೇ.

5.2 ಬೆರಳತುದಿಯ ಗ್ಲೂಕೋಮೀಟರ್. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಕಡಿಮೆಯಿದ್ದಾಗ ಹಲವು ಮೀಟರ್‌ಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ರಕ್ತಪೂರಣಕ್ಕೆ ಮುಂಚಿನ ಹಿಮೋಗ್ಲೋಬಿನ್ 9ರಿಂದ 10.5 ಗ್ರಾಂ ಎಂಬ ಗುರಿ ಪಾಲನೆಯಾದರೂ ಹಿಮಟೋಕ್ರಿಟ್ ಸುಮಾರು ಶೇ 27ರಿಂದ 32. ಹಳೆಯ ಮೀಟರ್‌ಗಳ ಕೆಳಮಿತಿ ಹಲವು ಬಾರಿ ಶೇ 30. ಅಂದರೆ ಒಬ್ಬನೇ ರೋಗಿಯ ಮೀಟರ್ ಅಂಕಿ ರಕ್ತ ಏರಿಸುವ ಮುಂಚೆ ಮತ್ತು ನಂತರ ಗ್ಲೂಕೋಸ್ ಬದಲಾಗದೆಯೂ ಬದಲಾಗಬಹುದು. ಎಚ್‌ಬಿಎ1ಸಿ ಕಡಿಮೆ ತೋರಿಸಿ, ಮೀಟರ್ ಹೆಚ್ಚು ತೋರಿಸಿದಾಗ ಎರಡನ್ನೂ ಸರಾಸರಿ ಮಾಡುವಂತಿಲ್ಲ. ಪ್ರಯೋಗಾಲಯದ ಪ್ಲಾಸ್ಮಾ ಅಳತೆ ಮಾಡಿಸಬೇಕು.

5.3 ಮೂತ್ರದ ಗ್ಲೂಕೋಸ್. ಡೆಫೆರಾಸಿರಾಕ್ಸ್ ಎಂಬ ಕೀಲೇಟರ್ ಕೆಲವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಮೂತ್ರಪಿಂಡದ ನಾಳಿಕೆಗಳಿಗೆ ತೊಂದರೆ ಮಾಡಿ ಫ್ಯಾಂಕೋನಿ ಲಕ್ಷಣಕೂಟ ತರುತ್ತದೆ. ಆಗ ರಕ್ತದ ಗ್ಲೂಕೋಸ್ ಸರಿಯಿದ್ದರೂ ಮೂತ್ರದಲ್ಲಿ ಸಕ್ಕರೆ ಕಾಣಿಸುತ್ತದೆ. ಇದನ್ನು ಮಧುಮೇಹವೆಂದು ಓದಿದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ: ಬೇಡದ ಔಷಧಿ ಶುರುವಾಗುತ್ತದೆ, ನಿಲ್ಲಿಸಬೇಕಾಗಿದ್ದ ಔಷಧಿ ಮುಂದುವರಿಯುತ್ತದೆ.

5.4 ಫ್ರಕ್ಟೋಸಮೀನ್ ಎರಡು-ಮೂರು ವಾರಗಳ ಸರಾಸರಿ ಕೊಡುತ್ತದೆ, ಕೆಂಪುಕಣಗಳನ್ನು ಅವಲಂಬಿಸುವುದಿಲ್ಲ. ಆದರೆ ಯಕೃತ್ತಿನ ಹಾನಿಯಿಂದ ಆಲ್ಬುಮಿನ್ ಇಳಿದಿದ್ದರೆ ಅದೂ ನಂಬಲರ್ಹವಲ್ಲ.

6. ಔಷಧಿವಾರು ಪರಿಶೀಲನೆ

ಕಬ್ಬಿಣ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಸೇರಿ ಇನ್ಸುಲಿನ್ ಉತ್ಪಾದನೆಯನ್ನು ಕುಗ್ಗಿಸುತ್ತದೆ. ಯಕೃತ್ತಿನಲ್ಲಿ ಸೇರಿ ಇನ್ಸುಲಿನ್ ಪ್ರತಿರೋಧ ತರುತ್ತದೆ. ಆರಂಭದಲ್ಲಿ ಪ್ರತಿರೋಧ, ನಂತರ ಕೊರತೆ ಎಂಬ ಕ್ರಮ ಹಲವು ಅಧ್ಯಯನಗಳಲ್ಲಿ ಕಾಣುತ್ತದೆ, ಎಲ್ಲ ರೋಗಿಗಳಲ್ಲೂ ಅಲ್ಲ. ಲಾಸ್ ಏಂಜಲೀಸ್ ಮಕ್ಕಳ ಆಸ್ಪತ್ರೆಯ 2009ರ ಎಂಆರ್‌ಐ ಅಧ್ಯಯನದ ಪ್ರಕಾರ ಮೇದೋಜೀರಕ ಗ್ರಂಥಿಯ ಕಬ್ಬಿಣ ಹೃದಯದ ಕಬ್ಬಿಣಕ್ಕೆ ಮುನ್ಸೂಚನೆಯಾಗಬಲ್ಲದು. ಆದ್ದರಿಂದ ಇಂಥ ಮಧುಮೇಹ ಗುರುತಾದಾಗ ಹೃದಯದ ತಪಾಸಣೆಯನ್ನು ಔಷಧಿ ಆಯ್ಕೆಗೆ ಮುಂಚೆಯೇ ಸೇರಿಸುವುದು ಸಮಂಜಸ.

2022ರ ರಾಷ್ಟ್ರೀಯ ಅತ್ಯವಶ್ಯಕ ಔಷಧಿ ಪಟ್ಟಿಯಲ್ಲಿರುವ ಮಧುಮೇಹದ ಔಷಧಿಗಳು ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆನೆಲಿಗ್ಲಿಪ್ಟಿನ್ ಮತ್ತು ಇನ್ಸುಲಿನ್‌ನ ಬಗೆಗಳು; ಗ್ಲಾರ್ಜಿನ್ ಇದರಲ್ಲಿ ಸೇರಿದೆ. ಮೊದಲು ಇವನ್ನು, ಆಮೇಲೆ ಖಾಸಗಿ ಚೀಟಿಗಳಲ್ಲಿ ಬರುವ ಉಳಿದವನ್ನು ನೋಡಲಾಗಿದೆ.

6.1 ಮೆಟ್‌ಫಾರ್ಮಿನ್. ಪ್ರತಿರೋಧ ಪ್ರಧಾನವಾಗಿರುವ ಹಂತದಲ್ಲಿ ಬಳಸುವುದಕ್ಕೆ ತಾರ್ಕಿಕ ಆಧಾರವಿದೆ. ಈ ಗುಂಪಿನ ಪ್ರಯೋಗಗಳು ಚಿಕ್ಕವು. ತೀವ್ರ ಯಕೃತ್ ರೋಗ ಮತ್ತು ಹೃದಯ ವೈಫಲ್ಯದ ಉಲ್ಬಣದಲ್ಲಿ ಲ್ಯಾಕ್ಟಿಕ್ ಆಮ್ಲತೆಯ ಅಪಾಯದಿಂದಾಗಿ ಇದು ಬೇಡ. ಮೂತ್ರಪಿಂಡದ ಶೋಧನಾ ದರದ ಮಿತಿಗಳಲ್ಲಿ ಒಂದು ವ್ಯತ್ಯಾಸ ಗಮನಾರ್ಹ: ಮೆಟ್‌ಫಾರ್ಮಿನ್ ನಿಷಿದ್ಧವಾಗುವುದು 30ಕ್ಕಿಂತ ಕೆಳಗೆ, ಅಮೆರಿಕದ ಮಾಹಿತಿಪತ್ರದ ಪ್ರಕಾರ ಡೆಫೆರಾಸಿರಾಕ್ಸ್ ನಿಷಿದ್ಧವಾಗುವುದು 40ಕ್ಕಿಂತ ಕೆಳಗೆ. ಎರಡೂ ಸೇವಿಸುವವರಿಗೆ 40ರ ಮಿತಿಯೇ ಮೊದಲು ಎದುರಾಗುತ್ತದೆ. ಎರಡೂ ಹೊಟ್ಟೆತೊಳಸು ಮತ್ತು ಭೇದಿ ತರಬಲ್ಲವು. ಒಂದೇ ವಾರದಲ್ಲಿ ಎರಡನ್ನೂ ಶುರುಮಾಡಿದರೆ ದೋಷ ಯಾವುದರದೆಂದು ತಿಳಿಯದು. ಮೆಟ್‌ಫಾರ್ಮಿನ್‌ನ ದೀರ್ಘಕಾಲದ ಸೇವನೆಯಿಂದ ಬಿ12 ಕಡಿಮೆಯಾಗುವುದು ರಕ್ತಹೀನತೆಯ ಲೆಕ್ಕವನ್ನು ಕಲಕಬಹುದು.

6.2 ಗ್ಲಿಮೆಪಿರೈಡ್ ಮತ್ತು ಅದರ ವರ್ಗ. ಈ ಮಾತ್ರೆಗಳು ಕೆಲಸ ಮಾಡಲು ಬೀಟಾ ಕೋಶಗಳು ಉಳಿದಿರಬೇಕು. ಕೊರತೆಯ ಹಂತದಲ್ಲಿ ಪ್ರಯೋಜನ ಕಡಿಮೆ. ಯಕೃತ್ತಿನ ಹಾನಿ ಇರುವವರಲ್ಲಿ ಸಕ್ಕರೆ ದಿಢೀರನೆ ಇಳಿಯುವ ಅಪಾಯ ಹೆಚ್ಚು. ಕಬ್ಬಿಣ ಪಿಟ್ಯುಟರಿ ಮತ್ತು ಅಡ್ರಿನಲ್ ವ್ಯವಸ್ಥೆಯನ್ನೂ ಬಾಧಿಸಿದ್ದರೆ ಇಳಿದ ಸಕ್ಕರೆ ಮೇಲೇರಿಸುವ ದೇಹದ ಪ್ರತಿಕ್ರಿಯೆಯೇ ದುರ್ಬಲವಾಗಿರುತ್ತದೆ. 5.2ರಲ್ಲಿ ಹೇಳಿದ ಮೀಟರ್ ದೋಷದಿಂದ ಪ್ರಮಾಣ ಏರಿಸಿದರೆ ಅಪಾಯ ಇಮ್ಮಡಿಸುತ್ತದೆ. ಜಿ6ಪಿಡಿ ಕೊರತೆಯಿರುವವರಲ್ಲಿ ರಕ್ತಕಣ ನಾಶದ ಎಚ್ಚರಿಕೆ ಈ ವರ್ಗದ ಮಾಹಿತಿಪತ್ರಗಳಲ್ಲಿದೆ.

6.3 ಟೆನೆಲಿಗ್ಲಿಪ್ಟಿನ್ ಮತ್ತು ಅದರ ವರ್ಗ. ಒಂಟಿಯಾಗಿ ಕೊಟ್ಟಾಗ ಸಕ್ಕರೆ ಅತಿಯಾಗಿ ಇಳಿಸುವುದು ಕಡಿಮೆ. ಟೆನೆಲಿಗ್ಲಿಪ್ಟಿನ್ ಹೆಚ್ಚಿನ ಪ್ರಮಾಣದಲ್ಲಿ ಇಸಿಜಿಯ ಕ್ಯುಟಿ ಅಂತರವನ್ನು ಹೆಚ್ಚಿಸಿದ ದಾಖಲೆಯಿರುವುದರಿಂದ, ಹೃದಯದಲ್ಲಿ ಕಬ್ಬಿಣ ಸೇರಿ ಲಯ ತಪ್ಪುವ ಸಾಧ್ಯತೆಯಿರುವವರಲ್ಲಿ ಮೊದಲು ಇಸಿಜಿ ಮಾಡಿಸುವುದು ಒಳಿತು. ವಿಲ್ಡಾಗ್ಲಿಪ್ಟಿನ್ ಅನ್ನು ಯಕೃತ್ ಕಿಣ್ವ ಮೇಲ್ಮಿತಿಯ 2.5 ಪಟ್ಟು ಮೀರಿದವರಿಗೆ ಕೊಡಬಾರದು. ಕಬ್ಬಿಣದಿಂದಲೋ ಹೆಪಟೈಟಿಸ್ ಸಿ ಸೋಂಕಿನಿಂದಲೋ ಇವರಲ್ಲಿ ಈ ಕಿಣ್ವ ಏರಿರುವುದು ಸಾಮಾನ್ಯ.

6.4 ಪಯೊಗ್ಲಿಟಾಜೋನ್. ಭಾರತ ಸರಕಾರ 2013ರ ಜೂನ್‌ನಲ್ಲಿ ಇದರ ಮಾರಾಟ ತಡೆದು, ಜುಲೈ ಕೊನೆಗೆ ಎಚ್ಚರಿಕೆಗಳೊಂದಿಗೆ ತೆರವುಗೊಳಿಸಿತು. ಆ ಚರ್ಚೆ ಮೂತ್ರಕೋಶದ ಕ್ಯಾನ್ಸರ್ ಕುರಿತದ್ದು. ಕಬ್ಬಿಣ ಸಂಚಯದ ರೋಗಿಗೆ ಸಂಬಂಧಿಸಿದ ಆಕ್ಷೇಪಗಳು ಬೇರೆ: ದ್ರವ ಶೇಖರಣೆಯಿಂದ ಹೃದಯ ವೈಫಲ್ಯ, ಈಗಾಗಲೇ ದುರ್ಬಲವಾದ ಮೂಳೆಗಳ ಮುರಿತ, ಮತ್ತು 7.1ರಲ್ಲಿ ಬರುವ ಕಿಣ್ವದ ಪ್ರಶ್ನೆ. ಮೂರೂ ಒಂದೇ ದಿಕ್ಕಿಗೆ ತೋರಿಸುವುದರಿಂದ ಇದನ್ನು ದೂರವಿಡುವುದು ಹೆಚ್ಚು ಸುರಕ್ಷಿತ ಎನ್ನಬಹುದು.

6.5 ಎಸ್‌ಜಿಎಲ್‌ಟಿ-2 ತಡೆಕಾರಕಗಳು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಅಗ್ಗವಾದ ಮೇಲೆ ಹೃದಯ ವೈಫಲ್ಯಕ್ಕೂ ಬಳಕೆಯಾಗುತ್ತಿವೆ. ಇನ್ಸುಲಿನ್ ಕೊರತೆಯಿರುವವರಲ್ಲಿ ಇವು ರಕ್ತದ ಸಕ್ಕರೆ ತೀರ ಹೆಚ್ಚದೆಯೂ ಕೀಟೋ ಆಮ್ಲತೆ ತರಬಲ್ಲವು. ಮೂತ್ರದಲ್ಲಿ ಗ್ಲೂಕೋಸ್ ಹರಿಸುವುದು ಇವುಗಳ ಕೆಲಸವೇ ಆದ್ದರಿಂದ 5.3ರ ಫ್ಯಾಂಕೋನಿ ಸೂಚನೆ ಮರೆಯಾಗುತ್ತದೆ. ಸಾಮಾನ್ಯ ಮಧುಮೇಹಿಗಳ ಅಧ್ಯಯನಗಳಲ್ಲಿ ಇವು ಹೆಪ್ಸಿಡಿನ್ ಮತ್ತು ಕಬ್ಬಿಣ ಸಂಗ್ರಹದ ಸೂಚಕವಾದ ಫೆರಿಟಿನ್ ಎರಡನ್ನೂ ಇಳಿಸಿವೆ. ಹೀಗಾಗಿ ಕೀಲೇಶನ್ ಫಲಿಸದೆಯೂ ಫೆರಿಟಿನ್ ಇಳಿದಂತೆ ಕಾಣುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಇದು ಸದ್ಯಕ್ಕೆ ಅನುಮಾನ, ಸಾಬೀತಾದ ಸಂಗತಿಯಲ್ಲ.

6.6 ಅಕಾರ್ಬೋಸ್, ವೋಗ್ಲಿಬೋಸ್. ಊಟದ ನಂತರದ ಏರಿಕೆಗೆ ಸೀಮಿತ ಪ್ರಯೋಜನ. ಥಲಸ್ಸೀಮಿಯಾದ ಆರಂಭಿಕ ಹಂತದಲ್ಲಿ ಅಕಾರ್ಬೋಸ್ ಬಳಸಿದ ಚಿಕ್ಕ ಅಧ್ಯಯನಗಳಿವೆ.

6.7 ಜಿಎಲ್‌ಪಿ-1 ವರ್ಗ. ತೂಕ ಇಳಿಸುವ ಗುಣ ಕೃಶ ದೇಹದ ಈ ರೋಗಿಗಳಿಗೆ ಅನುಕೂಲವಲ್ಲ. ಪಿತ್ತಕೋಶದ ಕಲ್ಲು ಥಲಸ್ಸೀಮಿಯಾದಲ್ಲಿ ಮೊದಲೇ ಹೆಚ್ಚು. ಈ ವರ್ಗವೂ ಪಿತ್ತಕೋಶದ ತೊಂದರೆಗೆ ಹೆಸರಾದದ್ದು.

6.8 ಇನ್ಸುಲಿನ್. ಕೊರತೆ ಸ್ಥಾಪಿತವಾದ ಮೇಲೆ ಇದಕ್ಕೆ ಪರ್ಯಾಯವಿಲ್ಲ. ಕೀಲೇಟರ್‌ಗಳೊಂದಿಗೆ ಕಿಣ್ವಮೂಲದ ಘರ್ಷಣೆ ಇಲ್ಲ. ಯಕೃತ್ತು, ಹೃದಯ, ಮೂಳೆಗಳ ಸ್ಥಿತಿ ಇದನ್ನು ನಿಷೇಧಿಸುವುದಿಲ್ಲ. ತಡೆ ಬರುವುದು ಪ್ರಾಯೋಗಿಕ ಕಾರಣಗಳಿಂದ: ಚುಚ್ಚುವ ಸಂಖ್ಯೆ, ಮೀಟರ್ ಪಟ್ಟಿಗಳ ವೆಚ್ಚ, ಶೇಖರಣೆ. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಬಳಕೆಯಲ್ಲಿರುವುದಕ್ಕೆ ಹೇಳುವ ‘ಕೋಣೆಯ ತಾಪಮಾನ’ವನ್ನು ಈ ಸೀಮೆಯ ಏಪ್ರಿಲ್-ಮೇ ಬಿಸಿಲು ಮೀರುತ್ತದೆ. ಫ್ರಿಜ್ ಇಲ್ಲದ ಮನೆಗಳಿಗೆ ನೀರು ಹಾಯಿಸಿದ ಮಣ್ಣಿನ ಗಡಿಗೆಯ ವಿಧಾನವನ್ನು ಬಾಯಿಮಾತಿಗೆ ಬಿಡದೆ ಚೀಟಿಯಲ್ಲೇ ಬರೆದು ಕೊಡುವುದು ಯೋಗ್ಯ.

7. ಕೀಲೇಟರ್‌ವಾರು ಪರಿಶೀಲನೆ

7.1 ಡೆಫೆರಾಸಿರಾಕ್ಸ್ (ಅಮೆರಿಕದಲ್ಲಿ ಅನುಮತಿ 2005). ಇದು ಸಿವೈಪಿ2ಸಿ8 ಎಂಬ ಯಕೃತ್ ಕಿಣ್ವವನ್ನು ಮಧ್ಯಮ ಮಟ್ಟದಲ್ಲಿ ತಡೆಯುತ್ತದೆ. ಮಾಹಿತಿಪತ್ರದ ಪ್ರಕಾರ, ದಿನಕ್ಕೆ ಕಿಲೋಗ್ರಾಮಿಗೆ 30 ಮಿಲಿಗ್ರಾಂ ಪ್ರಮಾಣದೊಂದಿಗೆ ಕೊಟ್ಟಾಗ ರೆಪಾಗ್ಲಿನೈಡ್ ಎಂಬ ಮಧುಮೇಹದ ಮಾತ್ರೆಯ ಒಟ್ಟು ರಕ್ತಮಟ್ಟ ಸುಮಾರು 2.3 ಪಟ್ಟು, ಗರಿಷ್ಠ ಮಟ್ಟ ಸುಮಾರು ಶೇ 62 ಹೆಚ್ಚಾಯಿತು. ಈ 30 ಮಿಲಿಗ್ರಾಂ ನೀರಿನಲ್ಲಿ ಕರಗಿಸುವ ಮಾತ್ರೆಯ ಲೆಕ್ಕ. ಲೇಪಿತ ಮಾತ್ರೆಯಲ್ಲಿ ಪ್ರಮಾಣ ಶೇ 30 ಕಡಿಮೆ. ಅಂದರೆ 21 ಮಿಲಿಗ್ರಾಂಗೆ ಸಮ. ಚೀಟಿಯಲ್ಲಿ ಬರೀ ಮಿಲಿಗ್ರಾಂ ಬರೆದು ಮಾತ್ರೆಯ ಬಗೆ ಬಿಟ್ಟರೆ ಹೋಲಿಕೆಯೇ ಅಸಾಧ್ಯ. ಪಯೊಗ್ಲಿಟಾಜೋನ್ ಸಹ ಇದೇ ಕಿಣ್ವದಿಂದ ಒಡೆಯುತ್ತದೆ. ಅಲ್ಲಿಯೂ ಮಟ್ಟ ಏರಬಹುದೆಂಬುದು ಔಷಧಿವಿಜ್ಞಾನದ ತರ್ಕದಿಂದ ಬಂದ ಊಹೆ.

7.2 ಡೆಫೆರಿಪ್ರೋನ್. ಭಾರತ ಇದಕ್ಕೆ ಅನುಮತಿ ಕೊಟ್ಟ ಮೊದಲ ದೇಶ. ವರ್ಷವನ್ನು ಕೆಲವು ಲೇಖನಗಳು 1994 ಎಂದೂ ಕೆಲವು 1995 ಎಂದೂ ಕೊಡುತ್ತವೆ. ಯುರೋಪ್ 1999ರಲ್ಲಿ, ಅಮೆರಿಕ 2011ರಲ್ಲಿ ಅನುಮತಿಸಿದವು. ಬಿಳಿಕಣಗಳು ಅಪಾಯಕಾರಿಯಾಗಿ ಇಳಿಯುವುದು ಸುಮಾರು ಶೇ 1ರಿಂದ 2 ರೋಗಿಗಳಲ್ಲಿ. ಮಧುಮೇಹವಿರುವ ಡೆಫೆರಿಪ್ರೋನ್ ರೋಗಿಗೆ ಜ್ವರ ಬಂದರೆ ಔಷಧಿ ನಿಲ್ಲಿಸಿ ಅಂದೇ ರಕ್ತಕಣಗಳ ಎಣಿಕೆ ಮಾಡಿಸಬೇಕು. ಈ ಔಷಧಿಯಿಂದ ಬರುವ ಸತುವಿನ ಕೊರತೆ ಮಧುಮೇಹಿಗಳಲ್ಲಿ ಹೆಚ್ಚೆಂಬ ಸೂಚನೆಗಳಿವೆ.

7.3 ಡೆಸ್ಫೆರಿಯಾಕ್ಸಮೀನ್. ಮ್ಯೂಕರ್ ಗುಂಪಿನ ಶಿಲೀಂಧ್ರಗಳು ಈ ಔಷಧಿ ಹಿಡಿದ ಕಬ್ಬಿಣವನ್ನು ಬಳಸಿಕೊಳ್ಳಬಲ್ಲವು. 1980ರ ದಶಕದ ಕೊನೆಯಲ್ಲಿ ಡಯಾಲಿಸಿಸ್ ರೋಗಿಗಳಲ್ಲಿ ಇದು ಗುರುತಾಯಿತು. ಕೀಟೋ ಆಮ್ಲತೆಯಲ್ಲಿ ರಕ್ತದ ಟ್ರಾನ್ಸ್‌ಫೆರಿನ್ ಕಬ್ಬಿಣವನ್ನು ಸಡಿಲಿಸುವುದರಿಂದ ಅಪಾಯ ಕೂಡುತ್ತದೆ. 2021ರ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಈ ಶಿಲೀಂಧ್ರಗಳ ಸೋಂಕಾದ ಮ್ಯೂಕರ್ಮೈಕೋಸಿಸ್ ಅನ್ನು ಅಧಿಸೂಚಿತ ರೋಗವೆಂದು ಸಾರಿದಾಗ ಅನಿಯಂತ್ರಿತ ಮಧುಮೇಹದ ಪಾತ್ರ ವೈದ್ಯಲೋಕಕ್ಕೆ ಸ್ಪಷ್ಟವಾಗಿತ್ತು. ಎಸ್‌ಜಿಎಲ್‌ಟಿ-2 ತಡೆಕಾರಕ, ಇನ್ಸುಲಿನ್ ಕೊರತೆ, ಡೆಸ್ಫೆರಿಯಾಕ್ಸಮೀನ್ ಮೂರೂ ಒಬ್ಬರಲ್ಲೇ ಸೇರುವುದನ್ನು ತಪ್ಪಿಸಲು ಇದು ಸಾಕಷ್ಟು ಕಾರಣ.

7.4 ಕೀಲೇಶನ್‌ನಿಂದ ಮಧುಮೇಹ ಹಿಮ್ಮೆಟ್ಟುವುದೇ? ಗ್ರೀಸ್‌ನ 2010ರ ವರದಿಯೊಂದರಲ್ಲಿ, ಡೆಸ್ಫೆರಿಯಾಕ್ಸಮೀನ್ ಮತ್ತು ಡೆಫೆರಿಪ್ರೋನ್ ಎರಡನ್ನೂ ತೀವ್ರವಾಗಿ ಕೊಟ್ಟ 52 ಥಲಸ್ಸೀಮಿಯಾ ಮೇಜರ್ ರೋಗಿಗಳ ಪೈಕಿ, ಗ್ಲೂಕೋಸ್ ಏರುಪೇರು ಇದ್ದ ಹಲವರಲ್ಲಿ ಅದು ಸರಿಹೋಯಿತು. ತುಲನಾ ಗುಂಪಿಲ್ಲದ, ಒಂದೇ ಕೇಂದ್ರದ ಅನುಭವವಿದು. ಸ್ಥಾಪಿತ ಮಧುಮೇಹ ಪೂರ್ತಿ ಹಿಮ್ಮೆಟ್ಟುತ್ತದೆಂದು ಇದರಿಂದ ಹೇಳಲಾಗದು. ಕೀಲೇಶನ್ ಬಿಗಿಯಾದಂತೆ ಮಧುಮೇಹದ ಔಷಧಿಯ ಅಗತ್ಯ ಇಳಿಯಬಹುದು, ಹಾಗಾಗಿ ಪ್ರಮಾಣವನ್ನು ಮರುಪರಿಶೀಲಿಸುತ್ತಿರಬೇಕು ಎನ್ನಬಹುದು.

8. ಮೂರು ತಾಲ್ಲೂಕುಗಳಿಗೆ ಅನ್ವಯ

8.1 ಈ ಸೀಮೆಯ ರೋಗಿಯ ಓಡಾಟದ ದಿಕ್ಕು ಒಂದಲ್ಲ. ದಿನನಿತ್ಯದ ಶುಗರ್ ಮಾತ್ರೆಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ರಕ್ತ ಮತ್ತು ತಜ್ಞರ ಸಲಹೆಗೆ ಬೆಳಗಾವಿ, ಹುಬ್ಬಳ್ಳಿ, ಇಲ್ಲವೇ ಗಡಿಯಾಚೆಯ ಮಿರಜ, ಕೊಲ್ಹಾಪುರ. ಹೀಗೆ ಕೀಲೇಟರ್ ಬರೆದ ಚೀಟಿ ಒಂದು ಕಡೆಯದು, ಮಧುಮೇಹದ ಚೀಟಿ ಇನ್ನೊಂದು ಕಡೆಯದು, ಕೆಲವೊಮ್ಮೆ ಇನ್ನೊಂದು ರಾಜ್ಯದ್ದು. ಮೇಲೆ ಪಟ್ಟಿಮಾಡಿದ ಅಪಾಯಗಳಲ್ಲಿ ಹೆಚ್ಚಿನವು ಎರಡೂ ಚೀಟಿಗಳನ್ನು ಒಬ್ಬರೇ ಓದಿದಾಗ ಮಾತ್ರ ಕಾಣುವಂಥವು. ಈ ಟಿಪ್ಪಣಿಯ ಮುಖ್ಯ ಹೇಳಿಕೆ ಇದೇ.

8.2 ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ರೋಗಿಯ ಪುಸ್ತಕದ ಮೊದಲ ಪುಟದಲ್ಲಿ ಆರು ವಿವರಗಳು ಸಾಕು: (ಅ) ಕೀಲೇಟರ್‌ನ ಹೆಸರು, ಮಾತ್ರೆಯ ಬಗೆ, ಪ್ರಮಾಣ, (ಆ) ಕೊನೆಯ ರಕ್ತಪೂರಣದ ದಿನಾಂಕ ಮತ್ತು ಚೀಲದ ಗಾತ್ರ, (ಇ) ಕೊನೆಯ ಫೆರಿಟಿನ್, ಕ್ರಿಯಾಟಿನೀನ್, ಯಕೃತ್ ಕಿಣ್ವ, ಇಸಿಜಿ, (ಈ) ‘ಎಚ್‌ಬಿಎ1ಸಿ ನಂಬಬೇಡಿ’ ಎಂಬ ಸ್ಪಷ್ಟ ಸೂಚನೆ, (ಉ) ಪ್ಲಾಸ್ಮಾ ಗ್ಲೂಕೋಸ್‌ನ ದಿನಾಂಕಸಹಿತ ಅಂಕಿಗಳು, (ಊ) ಜ್ವರ ಬಂದಾಗ ಏನು ಮಾಡಬೇಕೆಂಬ ಸಾಲು.

8.3 ವಯಸ್ಸಿನ ಅಂತರ ತುಂಬಲು, ನಿಯಮಿತ ರಕ್ತ ಪಡೆಯುವ ಮಕ್ಕಳನ್ನು 30ರ ಮಿತಿಯ ತಪಾಸಣೆಗೆ ಕಾಯಿಸದೆ, ಸುಮಾರು 10 ವರ್ಷದಿಂದ ವಾರ್ಷಿಕ ಗ್ಲೂಕೋಸ್ ಸಹಿಷ್ಣುತಾ ಪರೀಕ್ಷೆಗೆ ಒಳಪಡಿಸುವುದು ಅಂತರರಾಷ್ಟ್ರೀಯ ಶಿಫಾರಸುಗಳಿಗೆ ಹತ್ತಿರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೀಮಿಯಾವನ್ನು 21 ವಿಕಲತೆಗಳಲ್ಲಿ ಸೇರಿಸಿದೆ. ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಬರುವ ಸಂದರ್ಭವನ್ನೇ ಮೊದಲ ಪರೀಕ್ಷೆಗೆ ಬಳಸಿಕೊಳ್ಳಬಹುದು.

9. ನಿರ್ಣಯಗಳು, ಪುರಾವೆಯ ಬಲದ ಕ್ರಮದಲ್ಲಿ

ಬಲವಾದ ಪುರಾವೆ: ರಕ್ತಪೂರಣ ಪಡೆಯುವವರಲ್ಲಿ ಎಚ್‌ಬಿಎ1ಸಿ ಆಧಾರವಾಗಿ ರೋಗನಿರ್ಣಯ ಅಥವಾ ಪ್ರಮಾಣ ಬದಲಾವಣೆ ಮಾಡಬಾರದು. ಡೆಫೆರಾಸಿರಾಕ್ಸ್ ಜೊತೆ ರೆಪಾಗ್ಲಿನೈಡ್ ತಪ್ಪಿಸಬೇಕು. ಅನಿವಾರ್ಯವಾದರೆ ಪ್ರಮಾಣ ತಗ್ಗಿಸಿ ಗ್ಲೂಕೋಸ್ ಗಮನಿಸಬೇಕು. ಇನ್ಸುಲಿನ್ ಕೊರತೆ ಸ್ಥಾಪಿತವಾದಲ್ಲಿ ಇನ್ಸುಲಿನ್ ಕೊಡಬೇಕು.

ಮಧ್ಯಮ ಪುರಾವೆ: ಆರಂಭಿಕ ಹಂತದಲ್ಲಿ, ಯಕೃತ್ತು-ಮೂತ್ರಪಿಂಡ-ಹೃದಯ ಸರಿಯಿದ್ದರೆ, ಮೆಟ್‌ಫಾರ್ಮಿನ್ ಒಪ್ಪಬಹುದಾದ ಮೊದಲ ಮಾತ್ರೆ. ಪಯೊಗ್ಲಿಟಾಜೋನ್ ದೂರವಿಡುವುದು ಲೇಸು. ಗ್ಲಿಮೆಪಿರೈಡ್ ಅನ್ನು ಮೀಟರ್ ಅಂಕಿಯೊಂದರ ಮೇಲೆ ಏರಿಸಬಾರದು. ಗುಣಮಟ್ಟದ ಕೀಲೇಶನ್ ಮಧುಮೇಹ ಚಿಕಿತ್ಸೆಯ ಭಾಗವೇ.

ದುರ್ಬಲ ಪುರಾವೆ: ಎಸ್‌ಜಿಎಲ್‌ಟಿ-2 ತಡೆಕಾರಕಗಳಿಂದ ಫೆರಿಟಿನ್ ಓದುವಿಕೆ ದಾರಿತಪ್ಪುವುದು, ಡೆಫೆರಾಸಿರಾಕ್ಸ್‌ನಿಂದ ಪಯೊಗ್ಲಿಟಾಜೋನ್ ಮಟ್ಟ ಏರುವುದು, ಟೆನೆಲಿಗ್ಲಿಪ್ಟಿನ್‌ನಿಂದ ಸಾಮಾನ್ಯ ಪ್ರಮಾಣದಲ್ಲೂ ಲಯದ ಅಪಾಯ. ಇವು ಎಚ್ಚರಿಕೆಗೆ ಸಾಕು, ನಿಯಮಕ್ಕೆ ಸಾಲವು.

ಮೂಡಲಗಿಯನ್ನು ಪ್ರತ್ಯೇಕ ತಾಲ್ಲೂಕಾಗಿ ಎಣಿಸುವ ಜನಗಣತಿ ಪ್ರಕಟವಾದ ಮೇಲೆ, 8.2ರ ಆರು ವಿವರಗಳು ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದೇ ನಮೂನೆಯಲ್ಲಿ ದಾಖಲಾಗಿದ್ದರೆ, ಈ ಮೂರನೆಯ ಗುಂಪಿನ ಊಹೆಗಳನ್ನು ಸ್ಥಳೀಯ ದತ್ತಾಂಶದಿಂದಲೇ ಪರೀಕ್ಷಿಸಲು ಸಾಧ್ಯವಾಗುತ್ತದೆ.